ಮಂಗಳೂರಿನ ಒಂದು ಫ್ಯಾಮಿಲಿ ಥೆರಪಿ ಕೇಂದ್ರ: ಚಿಕಿತ್ಸೆ ಗಟ್ಟಿ, ತರಬೇತಿ ಅಷ್ಟಕ್ಕಷ್ಟೆ

ಇಲ್ಲಿ ಮೊದಲ ಸೆಷನ್ 90 ನಿಮಿಷ, ನಂತರದವು 50. ಆ ಒಂದೂವರೆ ಗಂಟೆಯ ಬಹುಪಾಲು ಕುಟುಂಬದ ನಕ್ಷೆ ಬರೆಯುವುದಕ್ಕೇ ಹೋಗುತ್ತದೆ. ಥೆರಪಿಸ್ಟ್ ಅವರ ಪಳಗಿದ ಕೈ ಕಾಣುವುದೂ ಅಲ್ಲೇ. ಜೀನೋಗ್ರಾಂ ಎನ್ನುವ ಈ ನಕ್ಷೆಯ ಗುರುತುಗಳು ಎಲ್ಲ ಕಡೆ ಒಂದೇ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕನಿಷ್ಠ ಮೂರು ತಲೆಮಾರು, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ. ಆದರೆ ಅಪ್ಪ, ಅಮ್ಮ, ಮಕ್ಕಳು ಎಂದಷ್ಟೇ ಬರೆದರೆ ವಂಶ, ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ ಮನೆಯ ಅರ್ಧ ವಿಷಯ ಬಿಟ್ಟುಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಆಸ್ತಿಯ ಲೆಕ್ಕ ಬದಲಾಯಿತು, ನಿಜ. ಆದರೂ ಮದುವೆ, ಮಕ್ಕಳ ಓದು, ತರವಾಡು ಮನೆಯ (ಕುಟುಂಬದ ಮೂಲಮನೆಯ) ಪಾಲು ಎಂದಾಗ ತಮ್ಮಲೆಯ, ಅಂದರೆ ಸೋದರಮಾವನ, ಮಾತೇ ನಡೆಯುವ ಮನೆಗಳು ಈಗಲೂ ಇವೆ. ಇವರು ಅಜ್ಜಿಯಿಂದ ಶುರುಮಾಡಿ, ಸೋದರಮಾವನನ್ನು ತಾಯಿಯ ಪಕ್ಕದಲ್ಲೇ ಬರೆದು, "ಮನೆಯಲ್ಲಿ ಕಡೆಯ ಮಾತು ಯಾರದ್ದು?" ಎಂದು ಕೇಳುತ್ತಾರೆ. ಗಲ್ಫ್‌ನಲ್ಲಿರುವ ಅಪ್ಪನಿಗೆ ಬೇರೆ ಬಣ್ಣದ ಗೆರೆ, ಪಕ್ಕದಲ್ಲಿ ಊರಿಗೆ ಬರುವ ತಿಂಗಳು.

ದೈವದ ವಿಷಯ ಬಂದರೆ ವಾದಕ್ಕಿಳಿಯುವುದಿಲ್ಲ. ದರ್ಶನದಲ್ಲಿ, ಅಂದರೆ ದೈವ ಮೈಮೇಲೆ ಬಂದಾಗ, ಏನು ನುಡಿಯಾಯಿತು, ಅದರಿಂದ ಮನೆಯವರಿಗೆ ಧೈರ್ಯ ಬಂತೋ ಅಥವಾ ತಪ್ಪೆಲ್ಲ ಸೊಸೆಯ ತಲೆಗೆ ಬಂತೋ ಎಂದು ವಿಚಾರಿಸುತ್ತಾರೆ. ಜೊತೆಗೇ ನಿದ್ದೆ, ಊಟ, ಸಾಯುವ ಯೋಚನೆ ಇವನ್ನೂ ಕೇಳಿ, ಬೇಕಿದ್ದರೆ ಮನೋವೈದ್ಯರಿಗೆ ಪತ್ರ ಕೊಡುತ್ತಾರೆ. ಹರಕೆ ತೀರಿಸಿ, ಮಾತ್ರೆ ನಿಲ್ಲಿಸಬೇಡಿ ಎನ್ನುತ್ತಾರೆ, ಸರಿಯಾದದ್ದೇ.

ಆಘಾತದ ವಿಷಯವನ್ನು ಮೊದಲ ದಿನವೇ ಕೆದಕುವುದಿಲ್ಲ. ಹೊಡೆತ ಬಡಿತ ಇನ್ನೂ ನಡೆಯುತ್ತಿದ್ದರೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸುವುದೇ ಇಲ್ಲ; ಇಲ್ಲಿ ಬಾಯಿಬಿಟ್ಟದ್ದಕ್ಕೆ ಮನೆಯಲ್ಲಿ ಏಟು ಬೀಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಗುಟ್ಟಾಗಿಡಲಾಗದು ಎಂದು ಮಾತು ಶುರುವಾಗುವ ಮುಂಚೆಯೇ ಹೇಳುತ್ತಾರೆ. ಇದನ್ನು ತಡವಾಗಿ ಹೇಳಿದರೆ ಮೋಸವಾಯಿತೆಂದು ಮನೆಯವರು ಮತ್ತೆ ಬರುವುದಿಲ್ಲ. ಎದೆಬಡಿತ ಏರಿದವರಿಗೆ "ಕಣ್ಣು ಮುಚ್ಚಿ" ಎನ್ನುವ ಅಭ್ಯಾಸವೂ ಇಲ್ಲಿಲ್ಲ, ಮುಚ್ಚಿದರೆ ಕೆಲವರಿಗೆ ಹಳೆಯದ್ದೇ ಕಣ್ಣೆದುರು ಬರುತ್ತದೆ. ಎರಡೂ ಪಾದ ನೆಲಕ್ಕೊತ್ತಿಸಿ, ಕೋಣೆಯಲ್ಲಿ ಕಾಣುವ 5 ವಸ್ತುಗಳ ಹೆಸರು ಹೇಳಿಸುತ್ತಾರೆ.

ಕೊರತೆಗಳಿವೆ. ತುಳು, ಕೊಂಕಣಿ ಸಲೀಸು, ಬ್ಯಾರಿ ಬಲ್ಲವರಿಲ್ಲ. ಹಾಗಾಗಿ ಅಜ್ಜಿಯ ಮಾತನ್ನು ಮೊಮ್ಮಗಳೇ ಕನ್ನಡದಲ್ಲಿ ಹೇಳಬೇಕಾಗುತ್ತದೆ, ಅದೂ ತನ್ನ ಮೇಲಿನ ದೂರನ್ನೇ. ಇದು ಆಗಕೂಡದು. ಒಪ್ಪಿಗೆ ಪತ್ರ ಇನ್ನೂ ಇಂಗ್ಲಿಷಿನಲ್ಲೇ ಇದೆ. ಕಾಯುವ ಕೋಣೆ ರಸ್ತೆಗೇ ಮುಖ. ಈ ಊರಲ್ಲಿ ಗುರುತಿನವರ ಕಣ್ಣಿಗೆ ಬೀಳದೆ ಇರಲಿಕ್ಕಾಗುತ್ತದಾ ಮಾರಾಯ್ರೆ?

ಕೌನ್ಸೆಲರ್‌ಗಳಿಗೆ ಇವರೇ ನಡೆಸುವ ಎರಡು ದಿನಗಳ ತರಬೇತಿಯಲ್ಲಿ ನಕ್ಷೆ ಬರೆಯುವ ಮೊದಲ ದಿನಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಎರಡನೆಯ ದಿನ ಆಘಾತದ ಪಾಠವನ್ನೆಲ್ಲ ಊಟದ ನಂತರಕ್ಕೆ ತುರುಕಿದ್ದಾರೆ. ರೋಲ್ ಪ್ಲೇ ಮುಗಿದ ಮೇಲೆ ಕುರ್ಚಿ ಬದಲಿಸಿ, ಸ್ವಂತ ಹೆಸರು ಹೇಳಿ, ಪಾತ್ರ ಬಿಟ್ಟು ಹೊರಬರಲು 10 ನಿಮಿಷವಾದರೂ ಬೇಕು. ಆ ಹೊತ್ತು ಚಹಾಕ್ಕೆ ಹೋಗುತ್ತದೆ; ಹೊಡೆಯುವ ಗಂಡನಾಗಿ ಕಿರುಚಿದವರು ಅದೇ ಬಿಗಿಯಲ್ಲಿ ಬಸ್ಸು ಹತ್ತುತ್ತಾರೆ.

ಬುಕ್ ಮಾಡುವಾಗಲೇ ಯಾರ್ಯಾರು ಬರುತ್ತಾರೆ, ಮನೆಮಾತು ಯಾವುದು, ಯಾರನ್ನು ಒಟ್ಟಿಗೆ ಕೂರಿಸಬಾರದು ಎಂದು ಹೇಳಿಬಿಡಿ. ಸಂಜೆ 6ರ ಮೇಲೆ ಇಲ್ಲಿ ಫೋನ್ ಎತ್ತುವುದಿಲ್ಲ. ರಾತ್ರಿ ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ; ಉಚಿತ, ಕನ್ನಡದಲ್ಲೇ ಮಾತಾಡಬಹುದು.