ಎರಡು ಸಾಕೆಟ್ ಮದರ್‌ಬೋರ್ಡ್: ರೆಂಡರ್ ಆಫೀಸಿಗೆ ಸರಿ, ಮನೆಗೆ ಬೇಡ

ಎರಡು ಸಾಕೆಟ್, ಅಂದರೆ ಎರಡು ಪ್ರೊಸೆಸರ್ ಕೂರುವ ಜಾಗ ಇರುವ ಮದರ್‌ಬೋರ್ಡಿನ ವರ್ಕ್‌ಸ್ಟೇಷನ್ ಒಂದನ್ನು ಕೋವಿಡ್‌ಗೂ ಮುಂಚಿನಿಂದ ಬಳಸುತ್ತಿದ್ದೇನೆ. ದಾವಣಗೆರೆಯಲ್ಲಿ ನಮ್ಮದು ಮನೆ ಪ್ಲ್ಯಾನ್, ತ್ರೀಡಿ ಎಲಿವೇಷನ್, ವಾಕ್‌ಥ್ರೂ ಮಾಡಿಕೊಡುವ ಸಣ್ಣ ಆಫೀಸು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಮಷೀನು. ಒಳಗೆ ಇಂಟೆಲ್ ಝಿಯಾನ್ ಇ5-2680 ವಿ4 ಎರಡಿವೆ. ಒಂದೊಂದಕ್ಕೆ 14 ಕೋರ್ (ಲೆಕ್ಕ ಮಾಡುವ ಘಟಕ), ಒಟ್ಟು 28 ಕೋರ್. ಒಂದು ಕೋರ್ ಒಟ್ಟಿಗೆ ಎರಡು ಕೆಲಸದ ಸಾಲು ನಡೆಸುವುದರಿಂದ 56 ಥ್ರೆಡ್. ಜೊತೆಗೆ 128 ಜಿಬಿ ರ‍್ಯಾಮ್.

ಇಂಥದ್ದೇ ಬೋರ್ಡನ್ನು ಮನೆಯ ಕಂಪ್ಯೂಟರಿಗೆ ಹಾಕಿಸೋಣವೇ ಎಂದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ. ಬೇಡ ಎಂದೇ ಹೇಳುತ್ತೇನೆ, ಯಾಕೆಂದು ಇಲ್ಲಿ ಬರೆಯುತ್ತೇನೆ. ಹಾಗೆಂದು ನನ್ನ ಮಷೀನಿನ ಮೇಲೆ ದೂರೇನಿಲ್ಲ. ಹಾಕಿದ ದುಡ್ಡನ್ನು ಅದು ಎಂದೋ ದುಡಿದು ಕೊಟ್ಟಿದೆ.

ಅದು ಮೆರೆಯುವುದು ರೆಂಡರಿನಲ್ಲಿ, ಅಂದರೆ ತ್ರೀಡಿ ಮಾಡೆಲಿನಿಂದ ಅಂತಿಮ ಚಿತ್ರ ತಯಾರಿಸುವಾಗ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನ ರೆಂಡರ್ ಎಂಜಿನ್ ಆದ ಸೈಕಲ್ಸ್‌ಗೆ ಒಂದು ಸೀನ್ ಕೊಟ್ಟು ಬಟನ್ ಒತ್ತಿದರೆ ಟಾಸ್ಕ್ ಮ್ಯಾನೇಜರಿನ 56 ಚೌಕಗಳೂ ಒಟ್ಟಿಗೆ ತುಂಬಿಕೊಳ್ಳುತ್ತವೆ. ಚಿತ್ರದ ಕೆಲಸವನ್ನು ಕೋರ್‌ಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ, ಒಂದು ಇನ್ನೊಂದಕ್ಕೆ ಕಾಯಬೇಕಿಲ್ಲ. ರಾತ್ರಿ ವಾಕ್‌ಥ್ರೂ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಫ್ರೇಮುಗಳು ಫೋಲ್ಡರಿನಲ್ಲಿರುತ್ತವೆ. ಗಿಡ, ಮರ, ಹುಲ್ಲು ತುಂಬಿದ ದೊಡ್ಡ ಲೇಔಟ್ ತೆರೆದರೂ ರ‍್ಯಾಮ್ ಸಾಲಲಿಲ್ಲ ಎಂದು ನಿಂತದ್ದು ನೆನಪಿಲ್ಲ.

ಅದೇ ಮಷೀನಿನಲ್ಲಿ ಸ್ಕೆಚ್‌ಅಪ್ ತೆರೆದು ಭಾರದ ಮಾಡೆಲ್ ಒಂದನ್ನು ತಿರುಗಿಸಿ ನೋಡಿ. ಮೌಸ್ ಮುಂದೆ ಹೋಗುತ್ತದೆ, ಮನೆ ತಡೆತಡೆದು ಹಿಂದೆ ಬರುತ್ತದೆ. ಆಗ ಟಾಸ್ಕ್ ಮ್ಯಾನೇಜರ್ ನೋಡಿದರೆ ಒಟ್ಟು ಬಳಕೆ 2 ಪರ್ಸೆಂಟ್ ಆಸುಪಾಸು. ಕಾರಣ ಸರಳ: ಆ ಕೆಲಸ ಒಂದೇ ಥ್ರೆಡ್ಡಿನಲ್ಲಿ ನಡೆಯುತ್ತದೆ, ಮತ್ತು 56ರಲ್ಲಿ ಒಂದು ಎಂದರೆ ಎರಡು ಪರ್ಸೆಂಟೂ ಆಗುವುದಿಲ್ಲ. ಉಳಿದ ಕೋರ್‌ಗಳು ಖಾಲಿ ಕೂತಿರುತ್ತವೆ. ಈ ಝಿಯಾನ್ ಎಷ್ಟೇ ಓಡಿದರೂ 3.3 ಗಿಗಾಹರ್ಟ್ಸ್ ದಾಟುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ನಮ್ಮ ಡ್ರಾಫ್ಟ್ಸ್‌ಮನ್ ಬಳಸುವ ಕೋರ್ ಐ3-12100 ಬರೀ ನಾಲ್ಕು ಕೋರಿನದು, ಆದರೆ 4.3 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ, ಡಿಸೈನೂ ಹೊಸದು. ಆಟೋಕ್ಯಾಡ್, ಸ್ಕೆಚ್‌ಅಪ್, ಬ್ರೌಸರ್, ಟ್ಯಾಲಿ, ಯಾವುದರಲ್ಲೂ ಅದು ನನ್ನದಕ್ಕಿಂತ ಚುರುಕು. ಮನೆಯಲ್ಲಿ ಜನ ಕಂಪ್ಯೂಟರಿನಲ್ಲಿ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಈ ಜಾತಿಯದೇ.

ನಮ್ಮ ಷಡ್ಡಕರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. "ದೊಡ್ಡಪ್ಪ, ಎರಡು ಪ್ರೊಸೆಸರ್ ಅಂದ್ರೆ ಎರಡು ಪಟ್ಟು ಸ್ಪೀಡ್ ಅಲ್ವಾ? ಗೇಮ್‌ಗೂ ಆಗುತ್ತೆ" ಅಂದ. ಕೂರಿಸಿ ತೋರಿಸಿದೆ. ಟಾಸ್ಕ್ ಮ್ಯಾನೇಜರಿನ ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂಮಾ ನೋಡ್ (ಒಂದು ಪ್ರೊಸೆಸರ್ ಮತ್ತು ಅದರ ಸ್ವಂತ ಮೆಮೊರಿ ಸೇರಿದ ಗುಂಪು) ಆರಿಸಿದರೆ 56 ಚೌಕಗಳ ಜಾಗದಲ್ಲಿ ಎರಡೇ ಉಳಿಯುತ್ತವೆ. ನಿಜವಾದ ಚಿತ್ರ ಅದೇ. ಪ್ರತಿ ಪ್ರೊಸೆಸರಿಗೂ ತನ್ನದೇ ನಾಲ್ಕು ಚಾನೆಲ್ ರ‍್ಯಾಮ್ ಇದೆ. ಒಂದನೆಯದಕ್ಕೆ ಬೇಕಾದ ಡೇಟಾ ಎರಡನೆಯದರ ರ‍್ಯಾಮಿನಲ್ಲಿದ್ದರೆ ಇವೆರಡರ ನಡುವಿನ ಕ್ಯೂಪಿಐ ಲಿಂಕ್ ದಾಟಿ ತರಬೇಕು, ಅಷ್ಟು ತಡ. ಗ್ರಾಫಿಕ್ಸ್ ಕಾರ್ಡ್ ಕೂಡ ಯಾವುದೋ ಒಂದು ಪ್ರೊಸೆಸರಿಗೇ ಸೇರಿರುತ್ತದೆ. ಗೇಮಿನಂಥ ಸಾಫ್ಟ್‌ವೇರ್ ಇದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಂಡು ಬರೆದದ್ದಲ್ಲ. ಹಾಗಾಗಿ ಎರಡನೇ ಸಾಕೆಟ್ ಅಲ್ಲಿ ಉಪಕಾರ ಮಾಡುವುದಿಲ್ಲ, ಕೆಲವೊಮ್ಮೆ ಅಡ್ಡಿಯೇ ಆಗುತ್ತದೆ.

ಮನೆ ಬಳಕೆದಾರರಿಗೆ ಎರಡು ಸಾಕೆಟ್ ಮಾರುವ ಪ್ರಯತ್ನ ಹಿಂದೆಯೂ ನಡೆದಿದೆ. 1999ರಲ್ಲಿ ಎಬಿಟ್ ಕಂಪನಿಯ ಬಿಪಿ6 ಬೋರ್ಡಿನಲ್ಲಿ ಅಗ್ಗದ ಸೆಲೆರಾನ್ ಎರಡನ್ನು ಹಾಕಬಹುದಿತ್ತು. ನನಗೆ ಅದರ ಮೇಲೆ ಗೌರವವಿದೆ, ಆಗ ಒಂದು ಚಿಪ್ಪಿನಲ್ಲಿ ಒಂದೇ ಕೋರ್ ಇದ್ದದ್ದರಿಂದ ಎರಡು ಬೇಕೆಂದರೆ ಬೇರೆ ದಾರಿ ಇರಲಿಲ್ಲ. ಆದರೆ ಮನೆಗಳಲ್ಲಿದ್ದ ವಿಂಡೋಸ್ 98 ಎರಡನೇ ಪ್ರೊಸೆಸರನ್ನು ಬಳಸುತ್ತಲೇ ಇರಲಿಲ್ಲ, ವಿಂಡೋಸ್ ಎನ್‌ಟಿ ಅಥವಾ ಲಿನಕ್ಸ್ ಬೇಕಿತ್ತು. 2005ರಲ್ಲಿ ಪೆಂಟಿಯಂ ಡಿ, ಅಥ್ಲಾನ್ 64 ಎಕ್ಸ್2 ಬಂದು ಎರಡು ಕೋರ್ ಒಂದೇ ಸಾಕೆಟ್ಟಿಗೆ ಇಳಿದವು. ಆಮೇಲೂ ಎರಡು ಸಾಕೆಟ್ಟಿನವೇ ಆದ, 2006ರಲ್ಲಿ ಎಎಂಡಿಯ ಕ್ವಾಡ್ ಎಫ್‌ಎಕ್ಸ್, 2008ರಲ್ಲಿ ಇಂಟೆಲ್‌ನ ಸ್ಕಲ್‌ಟ್ರೇಲ್ ಬಂದವು. ಎರಡೂ ನಿಲ್ಲಲಿಲ್ಲ.

ಇನ್ನು ಖರ್ಚಿನ ಮಾತು. ಒಂದೊಂದು ಪ್ರೊಸೆಸರ್ 120 ವ್ಯಾಟಿನದು, ರೆಂಡರ್ ಹಾಕಿದರೆ ಬರೀ ಪ್ರೊಸೆಸರುಗಳಿಗೇ 240 ವ್ಯಾಟ್. ಸುಮ್ಮನೆ ಆನ್ ಇಟ್ಟರೂ ಸಾಮಾನ್ಯ ಡೆಸ್ಕ್‌ಟಾಪಿಗಿಂತ ಹೆಚ್ಚು ಎಳೆಯುತ್ತದೆ. ನೂರು ವ್ಯಾಟ್ ಹೆಚ್ಚು ಎಂದರೆ ಹತ್ತು ಗಂಟೆಗೆ ಒಂದು ಯೂನಿಟ್, ತಿಂಗಳ ಬಿಲ್ಲಿನಲ್ಲಿ ಕಾಣುವಷ್ಟು. ಏಪ್ರಿಲ್ ಬಿಸಿಲಲ್ಲಿ ನಮ್ಮೂರಿನಲ್ಲಿ ಮಷೀನಿರುವ ರೂಮಿನ ಬಾಗಿಲು ಮುಚ್ಚಿ ಕೂರಲು ಆಗುವುದಿಲ್ಲ. ಮನೆಗೆ ತರುವ 600 ವಿಎ ಯುಪಿಎಸ್ಸು ರೆಂಡರ್ ನಡೆಯುವಾಗ ಕರೆಂಟ್ ಹೋದರೆ ತಡೆದುಕೊಳ್ಳುವುದಿಲ್ಲ, ದೊಡ್ಡದೇ ಬೇಕು. ಆನ್ ಮಾಡಿದ ಮೇಲೆ ಅಷ್ಟೂ ರ‍್ಯಾಮ್ ಪರೀಕ್ಷಿಸಿ ಸ್ಕ್ರೀನ್ ಬರುವಷ್ಟರಲ್ಲಿ ಐ3 ಮಷೀನು ಕೆಲಸ ಶುರು ಮಾಡಿರುತ್ತದೆ. ಇ5 ಝಿಯಾನಿನಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ ಕಾರ್ಡ್ ಬೇರೆ ಬೇಕು.

ವಿಂಡೋಸ್ ವಿಷಯದಲ್ಲಿ ಹುಷಾರಾಗಿರಿ. ಹೋಮ್ ಎಡಿಷನ್ ಒಂದೇ ಸಾಕೆಟ್ ಬಳಸುತ್ತದೆ, ಎರಡಕ್ಕೆ ಪ್ರೊ ಬೇಕು. ಈ ಕಾಲದ ಝಿಯಾನುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ರೆಂಡರಿಗೆ ಲಿನಕ್ಸ್ ಹಾಕಿಕೊಂಡೆ. ಬ್ಲೆಂಡರಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ, ಆದರೆ ಮನೆಯವರೆಲ್ಲ ಬಳಸುವ ಕಂಪ್ಯೂಟರಿಗೆ ಇದೇ ದಾರಿ ಹೇಳಲಾರೆ.

ಇವತ್ತು ಹೊಸದಾಗಿ ಕೊಳ್ಳುವುದಾದರೆ ರೆಂಡರಿಗೂ ನಾನು ಒಂದೇ ಸಾಕೆಟ್ ತೆಗೆದುಕೊಳ್ಳುತ್ತೇನೆ. ಎಎಂಡಿಯ 2020ರ ರೈಜೆನ್ 9 5950ಎಕ್ಸ್ 16 ಕೋರಿನದು. ನನ್ನ ಎರಡು ಝಿಯಾನ್ ಸೇರಿ ಮಾಡುವಷ್ಟು ಕೆಲಸವನ್ನು ಅದೊಂದೇ ಹೆಚ್ಚೂಕಡಿಮೆ ಮಾಡುತ್ತದೆ, ಸಾಧಾರಣ ಬೋರ್ಡಿನಲ್ಲಿ ಕೂತು, ಕಡಿಮೆ ಕರೆಂಟಿನಲ್ಲಿ. ಆ ಸಾಕೆಟ್ಟಿನ ಬೋರ್ಡುಗಳೂ 128 ಜಿಬಿ ರ‍್ಯಾಮ್ ಹಿಡಿಸುತ್ತವೆ. ಹೊಸ ರೈಜೆನ್, ಕೋರ್ ಐ ಯಾವುದನ್ನೂ ಎರಡೆರಡು ಹಾಕಲು ಬರುವುದಿಲ್ಲ ಎಂಬುದೂ ಗೊತ್ತಿರಲಿ. ಹೊಸದರಲ್ಲಿ ಎರಡು ಸಾಕೆಟ್ ಬೇಕೆಂದರೆ ಸರ್ವರ್ ದರ್ಜೆಯ ಝಿಯಾನ್ ಅಥವಾ ಎಎಂಡಿಯ ಎಪಿಕ್ಕಿಗೇ ಹೋಗಬೇಕು, ಆ ಬೆಲೆ ಮನೆಯ ಬಜೆಟ್ಟಿನದಲ್ಲ.

ಇಷ್ಟರ ಮೇಲೂ ಕಡಿಮೆ ದುಡ್ಡಿನಲ್ಲಿ ರೆಂಡರಿಗೋ, ಹತ್ತಾರು ವರ್ಚುವಲ್ ಮಷೀನ್ (ಒಂದೇ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರು) ಓಡಿಸಿ ಕಲಿಯುವುದಕ್ಕೋ ಹಳೆಯದೇ ಬೇಕು ಎನ್ನುವವರು ಅಂಗಡಿಯಲ್ಲೇ ನಿಂತು ನೋಡಿಕೊಳ್ಳಿ. ಇ5-2600 ಸರಣಿಯದೇ ಆಗಿರಬೇಕು, 1600 ಸರಣಿ ಜೋಡಿಯಾಗಿ ನಡೆಯುವುದಿಲ್ಲ. ಎರಡೂ ಸಾಕೆಟ್ಟಿನ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿ. ರ‍್ಯಾಮನ್ನು ಎರಡೂ ಕಡೆಗೆ ಸಮವಾಗಿ ಹಂಚಿ ಹಾಕಿಸಿ. ಅದು ಸರ್ವರುಗಳಲ್ಲಿ ಬಳಸುವ ರಿಜಿಸ್ಟರ್ಡ್ ಇಸಿಸಿ ರ‍್ಯಾಮ್ ಆಗಿದ್ದರೆ ಮುಂದೆ ಸಾಮಾನ್ಯ ಡೆಸ್ಕ್‌ಟಾಪಿಗೆ ಹಾಕಲು ಬರುವುದಿಲ್ಲ, ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಸಾಕೆಟ್ 2 ಎಂದು ಕಂಡು, ಹಾಕಿದ ರ‍್ಯಾಮ್ ಪೂರ್ತಿ ಬಂದ ಮೇಲೆ ದುಡ್ಡು ಕೊಡಿ.