ಹೆವಿ ಲೈಸೆನ್ಸ್ ಕೈಗೆ ಬಂತು, ಯಾರ ಲಾರಿ ಹತ್ತಬೇಕು? ದಾವಣಗೆರೆ–ಚಿತ್ರದುರ್ಗದ ಡ್ರೈವರ್ ಕೆಲಸಗಳ ವಿಮರ್ಶೆ

ಹೊಸ ಡ್ರೈವರ್ ಕೇಳುವ ಮೊದಲ ಪ್ರಶ್ನೆ "ಸಂಬಳ ಎಷ್ಟು?", ಎರಡನೆಯದು "ಗಾಡಿ ಹೊಸದಾ?" ಎರಡೂ ಕೇಳಬೇಕಾದ್ದೇ. ಆದರೆ ಮೊದಲ ವರ್ಷ ಡ್ರೈವರ್ ಜೇಬು ಖಾಲಿಯಾಗುವುದು ಸಂಬಳ ಕಮ್ಮಿ ಅಂತಲ್ಲ. ಡೀಸೆಲ್ ಸಾಲಲಿಲ್ಲ, ಚೀಲ ಎರಡು ಕಮ್ಮಿ ಬಂತು, ಓವರ್‌ಲೋಡಿಗೆ ದಂಡ ಬಿತ್ತು, ಅನ್‌ಲೋಡಿಗೆ ಮೂರು ದಿನ ಕಾಯಬೇಕಾಯಿತು. ಈ ನಾಲ್ಕರ ದುಡ್ಡು ಯಾರ ತಲೆಗೆ ಎಂದು ಮೊದಲೇ ಮಾತಾಗಿರುವುದಿಲ್ಲ, ಪೆಟ್ಟು ಬೀಳುವುದು ಅಲ್ಲೇ. ನಮ್ಮ ಭಾಗದಲ್ಲಿ ಸಿಗುವ ಕೆಲಸಗಳನ್ನು ಇಲ್ಲಿ ಅದೇ ತಕ್ಕಡಿಗೆ ಹಾಕಲಾಗಿದೆ.

ಲೈಸೆನ್ಸ್ ವಿಷಯ ಬೇಗ ಮುಗಿಸೋಣ. ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಲು ಡ್ರೈವರಿಗೆ 20 ವರ್ಷ ತುಂಬಿರಬೇಕು, ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್ ಒಂದು ವರ್ಷ ಹಳೆಯದಾಗಿರಬೇಕು. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಎಲ್‌ಎಂವಿ ಸಾಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗಾಗಿ ಹೆವಿಗೆ ಕಾಯುವ ಆ ಒಂದು ವರ್ಷ ಟಾಟಾ 407ರಂಥ ಸಣ್ಣ ಗಾಡಿಯಲ್ಲಿ ಎಪಿಎಂಸಿ ಯಾರ್ಡು, ಸಂತೆ ಬೀದಿ ಸುತ್ತಿದವರಿಗೆ ರಿವರ್ಸ್ ತಾನಾಗಿ ಕೈಗೆ ಹತ್ತಿರುತ್ತದೆ.

ಇನ್ನು ಕೆಲಸಗಳು. ಪಿ.ಬಿ. ರಸ್ತೆಯ ಬ್ರೋಕರ್ ಆಫೀಸುಗಳ ಮುಂದೆ ಸುಲಭವಾಗಿ ಸಿಗುವುದು ಒಂದೆರಡು ಲಾರಿ ಇಟ್ಟುಕೊಂಡ ಓನರ್ ಹತ್ತಿರದ ಕೆಲಸ. ಓನರ್ ಹಿಂದೆ ಡ್ರೈವರ್ ಆಗಿದ್ದವನಾದರೆ ಅವನಿಂದ ಕಲಿಯುವಷ್ಟು ಬೇರೆಲ್ಲೂ ಸಿಗುವುದಿಲ್ಲ: ಹಗ್ಗ ಬಿಗಿಯುವುದು, ತಾಡಪಾಲು ಮಡಚುವುದು, ಬ್ರೋಕರ್ ಜತೆ ಮಾತು, ಎಲ್ಲವೂ. ತೊಂದರೆ ಇರುವುದು ಲಾರಿಯ ಕಂತಿನಲ್ಲಿ. ತಿಂಗಳ ಕಂತು ಹತ್ತಿರ ಬಂದಾಗ ರಿಪೇರಿ ಮುಂದಕ್ಕೆ ಹೋಗುತ್ತದೆ, ಸವೆದ ಟೈರು ಇನ್ನೊಂದು ಟ್ರಿಪ್ ಓಡುತ್ತದೆ, ಕ್ಲೀನರ್ ಇರುವುದಿಲ್ಲ. ಟೈರಿನ ಪಟ್ಟೆಗಳ ನಡುವೆ ಟಿಡಬ್ಲ್ಯುಐ ಎಂಬ ಸಣ್ಣ ಉಬ್ಬು ಇರುತ್ತದೆ. ಪಟ್ಟೆ ಅದರ ಮಟ್ಟಕ್ಕೆ ಸವೆದಿದ್ದರೆ ಓನರ್ ಎಷ್ಟೇ ಒಳ್ಳೆಯವನಾದರೂ ಆ ಲಾರಿ ಬೇಡ.

ನಮ್ಮ ಮೊದಲ ಆಯ್ಕೆ ಹತ್ತರಿಂದ ಮೂವತ್ತು ಲಾರಿ ಇರುವ ಊರಿನ ಟ್ರಾನ್ಸ್‌ಪೋರ್ಟು. ದಾವಣಗೆರೆ, ಹರಿಹರ, ಮಲೇಬೆನ್ನೂರಿನ ಅಕ್ಕಿ ಗಿರಣಿ, ಮೆಕ್ಕೆಜೋಳದ ಲೋಡು, ಚಳ್ಳಕೆರೆ ಕಡೆಯ ಶೇಂಗಾ, ಎಣ್ಣೆ. ಲೋಡು ಗೊತ್ತಿರುವುದು, ದಾರಿ ಗೊತ್ತಿರುವುದು, ಯಾರ್ಡಿನಲ್ಲಿ ಒಬ್ಬ ಮೆಕ್ಯಾನಿಕ್. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ನಾಲ್ಕೈದು ಟ್ರಿಪ್ ಹಿರಿಯ ಡ್ರೈವರ್ ಪಕ್ಕ ಕೂರಿಸುವ ಪದ್ಧತಿ ಇಂಥ ಕಡೆ ಇರುತ್ತದೆ. ಇದೆಯಾ ಎಂದು ಕೇಳಿ. "ಇವತ್ತೇ ಕೀ ತಗೋ, ಹೊರಡು" ಅನ್ನುವ ಮ್ಯಾನೇಜರಿಗೆ ಡ್ರೈವರ್ ಬೇಕಾಗಿದ್ದಾನೆ ಅಷ್ಟೆ, ನೀವೇ ಬೇಕು ಅಂತೇನಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಪಿಎಫ್ ಕಟ್ಟಲೇಬೇಕು. ಹತ್ತು ಜನ ಇದ್ದರೆ, ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಕೂಡ. ಹಳೆಯ ಡ್ರೈವರೊಬ್ಬರ ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿದರೆ ಎರಡು ನಿಮಿಷದಲ್ಲಿ ಕಂಪನಿಯ ಬಣ್ಣ ಗೊತ್ತಾಗುತ್ತದೆ.

ರಾತ್ರಿ ಪಾರ್ಸೆಲ್ ಗಾಡಿಗಳ ಸಂಬಳ ಚೆನ್ನಾಗಿರುತ್ತದೆ, ತಿಂಗಳ ಲೆಕ್ಕ ಚೊಕ್ಕ. ಆದರೆ ಹೊಸಬರಿಗಲ್ಲ. ಬೆಳಗಿನ ಜಾವದೊಳಗೆ ಬೆಂಗಳೂರೋ ಹುಬ್ಬಳ್ಳಿಯೋ ಮುಟ್ಟಲೇಬೇಕು, ಗಡಿಯಾರವೇ ಓನರ್. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961ರ ಕಾಯ್ದೆಯೇ ಹೇಳಿತ್ತು. ಗುಯಿಲಾಳು ಟೋಲ್ ಹತ್ತಿರ ರಾತ್ರಿ ಮೂರಕ್ಕೆ ನಿಂತು ನೋಡಿದರೆ ಆ ಮಿತಿ ಯಾರಿಗೂ ನೆನಪಿರುವಂತೆ ಕಾಣುವುದಿಲ್ಲ.

ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಅದಿರು ಟಿಪ್ಪರುಗಳಲ್ಲಿ ದುಡ್ಡಿದೆ, ಮನೆಗೂ ಹತ್ತಿರ. ಟ್ರಿಪ್ ಲೆಕ್ಕದ ಕೂಲಿ ಆದ್ದರಿಂದ ಓಡಿಸಿದಷ್ಟೂ ಹಣ, ಅಪಾಯ ಇರುವುದೂ ಅದರಲ್ಲೇ. ಟಿಪ್ಪರ್ ಮಗುಚುವುದು ಓಡುವಾಗಿನದಕ್ಕಿಂತ ಹೆಚ್ಚಾಗಿ ಸುರಿಯುವಾಗ. ಒಂದು ಕಡೆ ಮಣ್ಣು ಸಡಿಲ ಇದ್ದು ಬಾಡಿ ಎತ್ತಿದರೆ ತೂಕವೆಲ್ಲ ಮೇಲಕ್ಕೆ ಹೋಗಿ ಗಾಡಿ ಪಕ್ಕಕ್ಕೆ ವಾಲುತ್ತದೆ. ಮಳೆಗಾಲದಲ್ಲಿ ಹಸಿ ಅದಿರು ಬಾಡಿಯ ಮುಂಭಾಗಕ್ಕೆ ಕಚ್ಚಿಕೊಂಡು, ಹಿಂದಿನದು ಮಾತ್ರ ಜಾರಿದರೂ ಇದೇ ಕಥೆ. ಜತೆಗೆ ಇದು ಒಂದೇ ಸರಕನ್ನು ನೆಚ್ಚಿದ ಕೆಲಸ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿದಾಗ ಟಿಪ್ಪರುಗಳೂ ನಿಂತವು. ಎರಡು ವರ್ಷ ಕೈ ಪಳಗಿದ ಮೇಲೆ ನೋಡಿಕೊಳ್ಳಬಹುದು. ಟ್ಯಾಂಕರೂ ಹಾಗೆಯೇ. ಪೆಟ್ರೋಲು, ಗ್ಯಾಸಿಗೆ ಬೇರೆ ತರಬೇತಿ, ಲೈಸೆನ್ಸಿನಲ್ಲಿ ಬೇರೆ ನಮೂದು ಬೇಕು. ಅರ್ಧ ತುಂಬಿದ ಟ್ಯಾಂಕರ್ ಬ್ರೇಕ್ ಹಾಕಿದ ಮೇಲೂ ಮುಂದಕ್ಕೆ ತಳ್ಳುತ್ತದೆ. ಗಾಳಿಯಂತ್ರದ ರೆಕ್ಕೆ ಹೊರುವ ಉದ್ದನೆ ಟ್ರೇಲರುಗಳನ್ನು ಹೊಸಬರು ರಸ್ತೆ ಪಕ್ಕ ನಿಂತು ನೋಡಿದರೆ ಸಾಕು.

ಈಗ ಲೆಕ್ಕ. "ಡೀಸೆಲ್ ಆವರೇಜ್ ಮೇಲೆ" ಎಂದು ಹೇಳಿದರೆ ಕಿವಿ ನೆಟ್ಟಗಾಗಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಮೀ. ಲೀಟರಿಗೆ 4 ಕಿಮೀ ಹಿಡಿದು 65 ಲೀಟರ್ ಕೊಟ್ಟರು ಎನ್ನಿ. ಲೋಡು ತುಂಬಿದ ಗಾಡಿ ನಿಜಕ್ಕೂ ಕೊಡುವುದು ಮೂರೂವರೆ ಆದರೆ 74 ಲೀಟರ್ ಬೇಕು. ಆ 9 ಲೀಟರ್ ನಿಮ್ಮ ಬಾಟಾದಿಂದ (ಟ್ರಿಪ್ ಭತ್ಯೆಯಿಂದ) ಹೋಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಎಂಟುನೂರು ದಾಟಿತು. ಆವರೇಜ್ ಬೀಳುವುದು ಬರೀ ಡ್ರೈವರ್ ಕಾಲಿನಿಂದಲ್ಲ. ಟೈರಿನಲ್ಲಿ ಗಾಳಿ ಕಮ್ಮಿ, ಕಟ್ಟಿಕೊಂಡ ಏರ್ ಫಿಲ್ಟರ್, ಬಿಡದೆ ಉಜ್ಜುವ ಬ್ರೇಕು, ನೆಲಮಂಗಲದ ಟ್ರಾಫಿಕ್ಕು, ಎಲ್ಲವೂ ಸೇರುತ್ತವೆ. ಆದ್ದರಿಂದ ಒಪ್ಪುವ ಮೊದಲು ಒಂದು ಟ್ರಿಪ್ ಟ್ಯಾಂಕ್ ಫುಲ್ ಮಾಡಿ ಹೊರಟು, ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿ, ಬಂದ ಲೆಕ್ಕವನ್ನೇ ಆವರೇಜ್ ಎಂದು ಹಿಡಿಯಲು ಕೇಳಿ. ಬಿಎಸ್6 ಗಾಡಿಯಾದರೆ ಡಿಇಎಫ್ (ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರವ) ದುಡ್ಡು ಯಾರದ್ದು ಅದನ್ನೂ ಕೇಳಿ. 100 ಲೀಟರ್ ಡೀಸೆಲಿಗೆ ಮೂರರಿಂದ ಐದು ಲೀಟರ್ ಕುಡಿಯುತ್ತದೆ, ಖಾಲಿಯಾದರೆ ಎಂಜಿನ್ ತಾನೇ ಎಳೆತ ಇಳಿಸಿಬಿಡುತ್ತದೆ. ಉಳಿಸಲು ನೀರು ಬೆರೆಸುವ ಯಾರ್ಡಿನಿಂದ ದೂರ ಇರಿ. ಸೆನ್ಸರ್ ಕೆಟ್ಟಾಗ ಹೆಸರು ಬರುವುದು ಡ್ರೈವರದ್ದೇ.

ತೂಕ ಇನ್ನೊಂದು. ಹತ್ತು ಚಕ್ರದ ಲಾರಿಗೆ 2018ರ ನಂತರ ಒಟ್ಟು 28.5 ಟನ್ ಮಿತಿ. ಆರ್‌ಸಿಯಲ್ಲಿ ಖಾಲಿ ತೂಕ 9,500 ಕೆಜಿ ಇದ್ದರೆ ಹೊರಬಹುದಾದ್ದು 19,000 ಕೆಜಿ, ಅಂದರೆ 50 ಕೆಜಿಯ 380 ಚೀಲ. ಗಿರಣಿಯಲ್ಲಿ "ಇನ್ನೊಂದು ನಲವತ್ತು ಹಾಕ್ರೋ" ಎಂದರೆ ಎರಡು ಟನ್ ಹೆಚ್ಚು. ಕೇಂದ್ರ ಕಾಯ್ದೆಯ 194ನೇ ಸೆಕ್ಷನ್ ಲೆಕ್ಕದಲ್ಲಿ 20,000 ರೂಪಾಯಿ, ಮೇಲೆ ಟನ್ನಿಗೆ 2,000. ಒಟ್ಟು 24,000, ಇಳಿಸುವ ಕೂಲಿ ಬೇರೆ. ಓವರ್‌ಲೋಡ್ ದಂಡ ಓನರದ್ದು ಎಂದು ಕೆಲಸಕ್ಕೆ ಸೇರುವ ದಿನವೇ ವಾಟ್ಸಾಪ್ ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಖಾಲಿ ಮತ್ತು ಲೋಡಿನ ಎರಡೂ ವೇಬ್ರಿಡ್ಜ್ ಚೀಟಿಗಳ ಫೋಟೋ ತೆಗೆದಿಟ್ಟರೆ ಶಾರ್ಟೇಜ್ ಜಗಳವೂ ಅರ್ಧ ಮುಗಿದಂತೆ. ಮೆಕ್ಕೆಜೋಳ ಹಸಿಯಿದ್ದರೆ ದಾರಿಯಲ್ಲೇ ತೂಕ ಇಳಿಯುತ್ತದೆ. ಎಷ್ಟು ಕೆಜಿವರೆಗೆ ಬಿಡುತ್ತಾರೆ ಎಂದು ಕೇಳಿಟ್ಟುಕೊಳ್ಳಬೇಕು. ಚಿತ್ರದುರ್ಗದ ಈರುಳ್ಳಿಗೆ ಸುತ್ತ ತಾಡಪಾಲು ಬಿಗಿದರೆ ಬೆವತು ಕೊಳೆಯುತ್ತದೆ, ಮಳೆ ಇಲ್ಲದಾಗ ಪಕ್ಕಗಳನ್ನು ಬಿಚ್ಚಿಡುವುದು ವಾಡಿಕೆ.

ಸರಕಿನ ಜತೆ ಇರಬೇಕಾದ ಜಿಎಸ್‌ಟಿ ಸಾಗಣೆ ಚೀಟಿ, ಅಂದರೆ ಇ-ವೇ ಬಿಲ್ಲಿಗೆ ಪ್ರತಿ 200 ಕಿಮೀಗೆ ಒಂದು ದಿನದ ಆಯುಷ್ಯ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಮಾತ್ರ ಮುಂದುವರಿಸಬಹುದು. ರಾತ್ರಿ ಫೋನ್ ಎತ್ತುವ ಆಫೀಸು ಬೇಕು ಅನ್ನುವುದು ಇದಕ್ಕೇ. ಸೇರುವ ಮೊದಲು ಒಮ್ಮೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ನೋಡಿ.

ಇನ್ಷೂರೆನ್ಸ್ ಕಾಗದದಲ್ಲಿ 15 ಲಕ್ಷದ ಅಪಘಾತ ವಿಮೆ ಕಂಡು ಸಮಾಧಾನ ಪಡಬೇಡಿ, ಅದು ಓನರ್ ತಾನೇ ಓಡಿಸುವಾಗಿನದು. ಸಂಬಳದ ಡ್ರೈವರಿಗೆ ಬೇರೆ ಸಾಲಿರುತ್ತದೆ, "ಪೇಯ್ಡ್ ಡ್ರೈವರ್" ಎಂದು ಹುಡುಕಿ. ಒರಿಜಿನಲ್ ಡಿಎಲ್ ಅಥವಾ ಸಹಿ ಮಾಡಿದ ಖಾಲಿ ಚೆಕ್ ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಚಹಾ ಕುಡಿದು ಎದ್ದು ಬನ್ನಿ.

ಲಾರಿ ನೋಡಲು ಹದಿನೈದು ನಿಮಿಷ ಸಾಕು. ಚಕ್ರಕ್ಕೆ ಅಡ್ಡ ಕಟ್ಟೆ ಕೊಟ್ಟು, ಗಾಳಿ ಮೀಟರ್ 8 ಬಾರ್ ಆಸುಪಾಸಿಗೆ ಬಂದ ಮೇಲೆ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮುಳ್ಳು ನೋಡಿ, ಇಳಿದಿದ್ದರೆ ಲೀಕು. ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದಾಗ ನೀರು ಸುರಿದರೆ ಅಲ್ಲಿ ದಿನಾ ಯಾರೂ ಕೈ ಹಾಕುತ್ತಿಲ್ಲ ಎಂದರ್ಥ. ವೀಲ್ ನಟ್ಟಿನಿಂದ ತುಕ್ಕಿನ ಗೆರೆ ಇಳಿದಿದ್ದರೆ ನಟ್ಟು ಸಡಿಲ. ಮಂಗಳೂರು ಲೋಡಿದೆ ಎಂದರೆ ಎಕ್ಸಾಸ್ಟ್ ಬ್ರೇಕ್ (ಎಂಜಿನ್ ಹೊಗೆ ತಡೆದು ವೇಗ ಇಳಿಸುವುದು) ಕೆಲಸ ಮಾಡುತ್ತದೆಯೇ ನೋಡಲೇಬೇಕು. ಘಾಟಿ ಹತ್ತಲು ಹಾಕುವ ಗೇರಿನಲ್ಲೇ ಇಳಿಯಬೇಕು, ಬರೀ ಪೆಡಲ್ ತುಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ಮೊದಲ ಮೂರು ತಿಂಗಳಲ್ಲೇ ಶಿರಾಡಿ ಘಾಟಿಗೆ ಒಬ್ಬನನ್ನೇ ಕಳಿಸುವ ಕಂಪನಿಗೆ ನಮ್ಮಿಂದ ಸೊನ್ನೆ.

ಕೆಲಸ ಬಿಡುವ ದಿನ ಕಿಲೋಮೀಟರ್ ರೀಡಿಂಗ್, ಡೀಸೆಲ್ ಮಟ್ಟ, ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ತಾಡಪಾಲು, ಹಗ್ಗ ಎಲ್ಲವನ್ನೂ ಬರೆದು ಮ್ಯಾನೇಜರ್ ಸಹಿ ಹಾಕಿಸಿ ಫೋಟೋ ತೆಗೆದುಕೊಳ್ಳಿ. ಕೊನೆ ತಿಂಗಳ ಸಂಬಳದಲ್ಲಿ ಕಳೆಯುವುದು ಸಾಮಾನ್ಯವಾಗಿ ಹಗ್ಗ ಮತ್ತು ಜಾಕಿನ ಹೆಸರಲ್ಲೇ.