ಮಡಿಕೇರಿಯಲ್ಲಿ ಪಿಎಫ್‌ಟಿ: ಊದಿಸುವುದು ಚೆನ್ನಾಗಿದೆ, ರಿಪೋರ್ಟಿನ ಕೊನೆಯ ಸಾಲನ್ನು ನೋಡಿಕೊಂಡು ನಂಬಿ

ಉಬ್ಬಸವೋ, ಸಿಒಪಿಡಿಯೋ (ಗಾಳಿದಾರಿ ಕಾಯಂ ಕಿರಿದಾಗುವ ಕಾಯಿಲೆ), ಮಳೆಗಾಲದ ಕೆಮ್ಮೋ ಎಂದು ತಿಳಿಯಲು ಡಾಕ್ಟರು ಪಿಎಫ್‌ಟಿ, ಅಂದರೆ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ, ಬರೆದುಕೊಟ್ಟ ಕೂಡಲೇ ಮೈಸೂರಿಗೋ ಮಂಗಳೂರಿಗೋ ಹೊರಡಬೇಕಿಲ್ಲ. ಅದರ ಮುಖ್ಯ ಭಾಗವಾದ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವುದು, ಇಲ್ಲೇ ಆಗುತ್ತದೆ. ಇದು ಮಡಿಕೇರಿಯ ಒಂದು ಖಾಸಗಿ ಡಯಾಗ್ನೋಸ್ಟಿಕ್ ಸೆಂಟರಿನ ಸೇವೆಯ ವಿಮರ್ಶೆ. ಹೆಸರು ಹಾಕುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ಕೊರತೆ ಬೇರೆ ಕಡೆಗಳಲ್ಲೂ ಕಾಣುವಂಥದ್ದೇ.

ಮೊದಲು ಒಳ್ಳೆಯದು. ಇಲ್ಲಿನ ಟೆಕ್ನೀಷಿಯನ್ ಊದಿಸುವುದರಲ್ಲಿ ಪಳಗಿದವರು. ಈ ಪರೀಕ್ಷೆಯ ಮುಕ್ಕಾಲು ಪಾಲು ಅದೇ. ಬೂಟು ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಬೆನ್ನು ಬಾಗಿದವರಿಗೆ ಎರಡೂ ಕೈ ಚಾಚಿಸಿ ತುದಿಯಿಂದ ತುದಿಗೆ ಅಳತೆ ತೆಗೆಯುತ್ತಾರೆ. ಸರಿಯಾಗಿ ಕೂರುವ ಹಲ್ಲಿನ ಸೆಟ್ಟು ಬಾಯಲ್ಲೇ ಇರಲಿ ಎನ್ನುತ್ತಾರೆ. ಮೂಗಿಗೆ ಕ್ಲಿಪ್ಪು, ತುಟಿ ಬಿಗಿ, ಎದೆ ತುಂಬ ಉಸಿರು, ಆಮೇಲೆ ಒಂದೇ ಏಟಿಗೆ ಜೋರಾಗಿ ಊದು. ತೋಟದ ಲೈನ್‌ಮನೆಯಿಂದ ಬಂದವರಿಗೆ ಮಲಯಾಳದಲ್ಲೋ ತಮಿಳಿನಲ್ಲೋ, ವಯಸ್ಸಾದವರಿಗೆ ಕೊಡವ ತಕ್ಕ್‌ನಲ್ಲೋ 'ಇನ್ನೂ, ಇನ್ನೂ' ಎಂದು ಹುರಿದುಂಬಿಸುತ್ತಾರೆ. ಭಾಷೆ ಅರ್ಥವಾಗದೆ ಅರ್ಧಕ್ಕೆ ನಿಲ್ಲಿಸಿದ ಊದು ಯಾವ ಕೆಲಸಕ್ಕೂ ಬಾರದು. ಸರಿಯಾದ ಊದುಗಳು ಕನಿಷ್ಠ 3 ಬೇಕು, ಅವುಗಳಲ್ಲಿ ಅತಿ ಹೆಚ್ಚಿನ ಎರಡರ ನಡುವೆ ಎಫ್‌ವಿಸಿಯಲ್ಲೂ (ಜೋರಾಗಿ ಊದಿ ಹೊರಬಿಟ್ಟ ಒಟ್ಟು ಗಾಳಿ) ಎಫ್‌ಇವಿ1ರಲ್ಲೂ (ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಬಂದದ್ದು) 150 ಮಿ.ಲೀ.ಗಿಂತ ಹೆಚ್ಚು ಅಂತರ ಇರಬಾರದು. ದೊಡ್ಡವರಿಗೆ 8 ಸಲದಲ್ಲೂ ಅದು ಬರದಿದ್ದರೆ ಅಲ್ಲಿಗೆ ನಿಲ್ಲಿಸುವುದು ಲೇಸು.

ಯಂತ್ರದ ಆರೈಕೆಯೂ ಮೆಚ್ಚುವಂತಿದೆ. ಬೆಳಿಗ್ಗೆ 3 ಲೀಟರಿನ ಸಿರಿಂಜಿನಿಂದ ತಾಳೆ ನೋಡುತ್ತಾರೆ, ಓದು 2.91ರಿಂದ 3.09ರ ಒಳಗಿರಬೇಕು. ಸಾವಿರ ಮೀಟರಿಗೂ ಮೇಲಿನ ಈ ಊರಿನ ಚಳಿಗೆ ಸಿರಿಂಜನ್ನು ಯಂತ್ರದ ಕೋಣೆಯಲ್ಲೇ ಇಡುವುದು ಮುಖ್ಯ, ಕೋಣೆಯ ಉಷ್ಣತೆ ತಪ್ಪಾಗಿ ನಮೂದಾದರೆ ಲೀಟರಿನ ಲೆಕ್ಕವೇ ಏರುಪೇರಾಗುತ್ತದೆ. ಜುಲೈ ತಿಂಗಳಲ್ಲಿ ಫ್ಲೋ ಸೆನ್ಸರಿನ ಜಾಲರಿಗೆ ತೇವ ಕೂತರೆ ಇಲ್ಲದ ಗಾಳಿಯನ್ನೂ ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಇಲ್ಲಿ ಅದನ್ನು ಒಣಗಿಸಿ ಮತ್ತೆ ತಾಳೆ ನೋಡುವ ರೂಢಿ ಇದೆ.

ಕೊರತೆ ಇರುವುದು ಕೈಗೆ ಕೊಡುವ ಕಾಗದದಲ್ಲಿ. ಒಂದೇ ಹಾಳೆ, ಅಡಿಯಲ್ಲಿ ಯಂತ್ರವೇ ಅಚ್ಚು ಹಾಕಿದ ಒಂದು ಸಾಲು. ಒಂದು ರಿಪೋರ್ಟನ್ನೇ ಬಿಡಿಸಿ ನೋಡೋಣ. ಎಫ್‌ವಿಸಿ 2.10 ಲೀಟರ್, ಎಫ್‌ಇವಿ1 1.62, ಎಫ್‌ವಿಸಿಯಲ್ಲಿ ಎಫ್‌ಇವಿ1ರ ಪಾಲು, ಅಂದರೆ ಅನುಪಾತ, 77%. ಯಂತ್ರದ ತೀರ್ಪು: 'ಮೈಲ್ಡ್ ರಿಸ್ಟ್ರಿಕ್ಷನ್', ಅಂದರೆ ಶ್ವಾಸಕೋಶವೇ ಕುಗ್ಗಿದೆ ಎಂಬ ಸೂಚನೆ. ಕೇಳಿ ಪಡೆದ ಎರಡನೇ ಹಾಳೆಯ ಗ್ರಾಫಿನಲ್ಲಿ, ಸಮಯಕ್ಕೆ ತಕ್ಕಂತೆ ಹೊರಬಂದ ಗಾಳಿಯ ಗೆರೆ 3 ಸೆಕೆಂಡಿಗೇ ತುಂಡಾಗಿದೆ, ಸಮತಟ್ಟಾಗಿಯೇ ಇಲ್ಲ. ಗಾಳಿ ಇನ್ನೂ ಒಳಗೇ ಉಳಿದಿತ್ತು. ಮತ್ತೆ ಊದಿಸಿ 9 ಸೆಕೆಂಡು ಎಳೆಸಿದಾಗ ಎಫ್‌ವಿಸಿ 2.60, ಎಫ್‌ಇವಿ1 1.63, ಅನುಪಾತ 63%. ಇದು ಗಾಳಿದಾರಿ ಕಟ್ಟಿಕೊಂಡ ಲಕ್ಷಣ, ಚಿಕಿತ್ಸೆಯ ದಾರಿಯೇ ಬೇರೆ. ಕೊನೆಯ 1 ಸೆಕೆಂಡಿನಲ್ಲಿ 25 ಮಿ.ಲೀ.ಗಿಂತ ಕಡಿಮೆ ಗಾಳಿ ಬರುವವರೆಗೆ, ಇಲ್ಲವೇ 15 ಸೆಕೆಂಡು ಆಗುವವರೆಗೆ ಊದಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಟೆಕ್ನೀಷಿಯನ್ನಿಗೆ ಇದು ಗೊತ್ತು. ಸರದಿ ಉದ್ದವಾದ ದಿನ ಜಾರಿಹೋಗುತ್ತದೆ. ಅಂದಹಾಗೆ, ಊದು ಪೂರ್ತಿಯಾಗಿದ್ದು ಎಫ್‌ವಿಸಿ ಕಡಿಮೆ ಬಂದರೂ ಸ್ಪೈರೋಮೆಟ್ರಿಯೊಂದರಿಂದಲೇ ರಿಸ್ಟ್ರಿಕ್ಷನ್ ಖಾತ್ರಿಯಾಗದು. ಅದಕ್ಕೆ ಶ್ವಾಸಕೋಶದ ಒಟ್ಟು ಗಾತ್ರ ಅಳೆಯಬೇಕು. ಆ ಸೌಲಭ್ಯವಾಗಲಿ ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂಬ ಪರೀಕ್ಷೆ) ಆಗಲಿ ಈ ಸೆಂಟರಿನಲ್ಲಿಲ್ಲ.

ಔಷಧಿ ಕೊಟ್ಟ ನಂತರದ ಭಾಗದಲ್ಲೂ ಅವಸರ ಕಾಣುತ್ತದೆ. ಸಾಲ್ಬುಟಮಾಲ್ 100 ಮೈಕ್ರೋಗ್ರಾಂನ 4 ಪಫ್, ಸ್ಪೇಸರ್ ಹಾಕಿ ಒಂದೊಂದಾಗಿ, ಆಮೇಲೆ 15 ನಿಮಿಷ ಕಾಯಬೇಕು. 5 ನಿಮಿಷಕ್ಕೇ ಕರೆದರೆ 'ಇನ್ನೂ ಆಗಿಲ್ಲ' ಎನ್ನಲು ಸಂಕೋಚ ಬೇಡ. ಮೇಲಿನ ರಿಪೋರ್ಟಿನಲ್ಲಿ ಪೂರ್ತಿ ಕಾದ ಮೇಲೆ ಎಫ್‌ಇವಿ1 1.90ಕ್ಕೆ ಏರಿತು, 270 ಮಿ.ಲೀ. ಹೆಚ್ಚಳ. ಆ ವಯಸ್ಸು, ಎತ್ತರಕ್ಕೆ ಇರಬೇಕಾದ ಮೌಲ್ಯ 2.40 ಲೀಟರ್ ಆದ್ದರಿಂದ ಇದು ಅದರ 11%. ಈಗಿನ ಮಾನದಂಡದಂತೆ 10% ದಾಟಿದರೆ ಔಷಧಿಗೆ ಸ್ಪಂದಿಸಿದಂತೆ. ಈ ಸೆಂಟರಿನ ಯಂತ್ರ ಇನ್ನೂ 12% ಮತ್ತು 200 ಮಿ.ಲೀ.ಯ ಹಳೆಯ ಲೆಕ್ಕದಲ್ಲೇ ಇದೆ, ಅದು ಮೊದಲಿನ ಎಫ್‌ಇವಿ1ರ ಮೇಲೆ ಕಟ್ಟುವ ಶೇಕಡಾವಾರು. ಎರಡು ರಿಪೋರ್ಟು ಹೋಲಿಸುವಾಗ ಇದು ನೆನಪಿರಲಿ.

ಅನುಪಾತ 70%ಕ್ಕಿಂತ ಕೆಳಗೆ ಎಂದರೆ ರೋಗ ಎಂದು ಎಲ್ಲರಿಗೂ ಒಂದೇ ಗೆರೆ ಎಳೆದಿರುವುದು ನಮಗೆ ಒಪ್ಪಿಗೆಯಿಲ್ಲ. ವಯಸ್ಸಾದಂತೆ ಈ ಅನುಪಾತ ತಾನಾಗಿ ಇಳಿಯುತ್ತದೆ. 75ರ ಆರೋಗ್ಯವಂತರಿಗೂ ಸಿಒಪಿಡಿ ಹಣೆಪಟ್ಟಿ ಬೀಳಬಹುದು, 25ರವರ ನಿಜವಾದ ತೊಂದರೆ ತಪ್ಪಿಹೋಗಬಹುದು. ಝಡ್-ಸ್ಕೋರ್ (ವಯಸ್ಸು, ಎತ್ತರಕ್ಕೆ ತಕ್ಕ ಸರಾಸರಿಯಿಂದ ಎಷ್ಟು ದೂರ ಎಂಬ ಅಂಕ) ಕಾಲಂ ಅಚ್ಚಾಗುವಂತೆ ಕೇಳಿ, ಮೈನಸ್ 1.64ಕ್ಕಿಂತ ಕೆಳಗಿದ್ದರೆ ಅಸಹಜ.

ರಿಪೋರ್ಟು ನಾರ್ಮಲ್ ಬಂದರೆ ಉಬ್ಬಸ ಇಲ್ಲವೆಂದು ತೀರ್ಮಾನಿಸಬೇಡಿ. ಕಾಫಿ ಕ್ಯೂರಿಂಗ್ ಕೆಲಸದಲ್ಲಿ ಹಸಿ ಬೀಜದ ಧೂಳಿಗೆ ಎದೆ ಬಿಗಿಯುವವರು ರಜಾದಿನ ಬಂದು ಊದಿದರೆ ಗೆರೆ ಸೊಗಸಾಗಿಯೇ ಬರಬಹುದು. ಅಂಥವರಿಗೆ ಪೀಕ್ ಫ್ಲೋ ಮೀಟರಿನಲ್ಲಿ (ಊದಿನ ವೇಗ ಅಳೆಯುವ ಕೈಸಾಧನ) ಕೆಲಸದ ದಿನ, ರಜೆಯ ದಿನ ಎರಡರ ಓದನ್ನೂ ಬರೆದಿಡಲು ಡಾಕ್ಟರು ಹೇಳುವುದುಂಟು.

ಹೋಗುವ ಮುಂಚೆ: ಫೋನಿನಲ್ಲಿ 'ಇನ್ಹೇಲರ್ ನಿಲ್ಲಿಸಿ ಬನ್ನಿ' ಎಂದಷ್ಟೇ ಹೇಳುತ್ತಾರೆ, ಅದು ಸಾಲದು. ರೋಗ ಪತ್ತೆಗಾದರೆ ಸಾಲ್ಬುಟಮಾಲ್ 4ರಿಂದ 6 ಗಂಟೆ, ದಿನಕ್ಕೆರಡು ಸಲದ ಫಾರ್ಮೋಟೆರಾಲ್ 24 ಗಂಟೆ, ಟಯೋಟ್ರೋಪಿಯಂ 36ರಿಂದ 48 ಗಂಟೆ ಬಿಡಬೇಕು, ಅದೂ ಡಾಕ್ಟರನ್ನು ಕೇಳಿಯೇ. ದಮ್ಮು ಹೆಚ್ಚಾದರೆ ತೆಗೆದುಕೊಂಡು, ಸಮಯ ಹೇಳಿ. ಕಳೆದ ವಾರ ಹೃದಯಾಘಾತವೋ ಕಣ್ಣಿನ ಆಪರೇಷನ್ನೋ ಆಗಿದ್ದರೆ ಪರೀಕ್ಷೆ ಮುಂದೂಡಿ. ಹೊರಡುವಾಗ ಎಲ್ಲ ಊದುಗಳ ಗ್ರಾಫಿರುವ ಪಿಡಿಎಫ್ ಕೇಳಿ ಪಡೆಯಿರಿ. ಕೇಳಿದವರಿಗೆ ಕೊಡುತ್ತಾರೆ, ಹೆಚ್ಚಿನ ಶುಲ್ಕವಿಲ್ಲ.